ತುಕ್ಕು ಹಿಡಿಯದ ಚಾಕುವಿನ ಹಿಂದಿನ ಮನುಷ್ಯ: ಹ್ಯಾರಿ ಬ್ರಿಯರ್ಲಿ

ನಮ್ಮ ಮನೆಗಳಲ್ಲಿ ಸ್ಟೀಲ್ ಅಂದ್ರೆ ತಟ್ಟೆ, ಲೋಟ, ಟಿಫಿನ್ ಡಬ್ಬಿ. ಕಬ್ಬಿಣ ಅಂದ್ರೆ ದೋಸೆ ಕಾವಲಿ, ಗೇಟು. ಎರಡೂ ಬೇರೆ ಬೇರೆ ವಸ್ತು ಅಂತ್ಲೇ ಚಿಕ್ಕಂದಿನಿಂದ ಅಂದ್ಕೊಂಡಿರ್ತೀವಿ. ಮೆಟೀರಿಯಲ್ ಸೈನ್ಸ್ ಕ್ಲಾಸಿಗೆ ಬಂದ ಮೇಲೆ ಸ್ಟೀಲ್ ಅನ್ನೋದು ಇಂಗಾಲ ಸೇರಿದ ಕಬ್ಬಿಣವೇ, ಅದು ತುಕ್ಕು ಹಿಡಿಯದೇ ಇರೋದಕ್ಕೆ ಕಾರಣ ಕ್ರೋಮಿಯಂ ಅಂತ ಗೊತ್ತಾಗುತ್ತೆ. ಪಕ್ಕದಲ್ಲಿ ಒಂದು ಸಾಲು ಇರುತ್ತೆ: 1913, ಹ್ಯಾರಿ ಬ್ರಿಯರ್ಲಿ, ಶೆಫೀಲ್ಡ್. ಎರಡು ಮಾರ್ಕ್ಸಿನ ಪ್ರಶ್ನೆಗೆ ಅಷ್ಟು ಸಾಕು.

ನಮಗೆ ಅಷ್ಟು ಸಾಕಾಗಲಿಲ್ಲ, ಅದಕ್ಕೊಂದು ಕಾರಣ ಇದೆ. ಈ ಸೆಮಿಸ್ಟರ್‌ನಲ್ಲಿ ನಾವು ಕೆಲವರು ಸೇರಿ ಮಲ್ಟಿಟೂಲ್‌ನ ಮುರಿದ ಅಲಗಿಗೆ ಬದಲಿ ಅಲಗನ್ನು ಮನೆಯಲ್ಲೇ ಮಾಡೋದು ಹೇಗೆ ಅಂತ ಓದ್ತಾ ಇದ್ವಿ. ಯಾರಿಗೆ ಹೇಳಿದ್ರೂ ಬರೋ ಮೊದಲ ಪ್ರಶ್ನೆ ಒಂದೇ: ಯಾವ ಸ್ಟೀಲ್? ಸ್ಟೇನ್‌ಲೆಸ್ಸೇ ಯಾಕೆ ಬೇಡ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ಅದು ನೇರವಾಗಿ ಬ್ರಿಯರ್ಲಿಯ ಬದುಕಿಗೇ ಹೋಗಿ ನಿಲ್ಲುತ್ತೆ. ಅವನ ಕಾಲದ ಚಾಕು ಮಾಡುವವರೂ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ರು.

ಬ್ರಿಯರ್ಲಿ ಹುಟ್ಟಿದ್ದು 1871ರ ಫೆಬ್ರವರಿ 18ರಂದು, ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ. ಮನೇಲಿ ಒಂಬತ್ತು ಮಕ್ಕಳು, ಇವನು ಎಂಟನೆಯವನು. ಅಪ್ಪ ಜಾನ್ ಉಕ್ಕು ಕರಗಿಸುವ ಕೆಲಸಗಾರ, ಅಮ್ಮ ಜೇನ್ ಕಮ್ಮಾರನ ಮಗಳು. ಬಡವರು ಒತ್ತೊತ್ತಾಗಿ ಬದುಕುತ್ತಿದ್ದ ಒಂದು ವಠಾರದಲ್ಲಿ ಪುಟ್ಟ ಮನೆ. ಶೆಫೀಲ್ಡ್ ಆಗ ಚಾಕು, ಕತ್ತರಿ, ಅರಗಳಿಗೆ ಪ್ರಪಂಚದಲ್ಲೇ ಹೆಸರಾದ ಊರು. 14ನೇ ಶತಮಾನದಷ್ಟು ಹಿಂದೆಯೇ ಕವಿ ಚಾಸರ್ ತನ್ನ ಕಾವ್ಯದಲ್ಲಿ ಶೆಫೀಲ್ಡ್ ಚಾಕುವಿನ ಹೆಸರು ಎತ್ತಿದ್ದಾನೆ ಅಂದ್ರೆ ಲೆಕ್ಕ ಹಾಕಿ.

ಆಗಿನ ಒಳ್ಳೇ ಉಕ್ಕು ತಯಾರಾಗ್ತಾ ಇದ್ದದ್ದು ಮಣ್ಣಿನ ಮೂಸೆಗಳಲ್ಲಿ. ನೆಲದ ಕೆಳಗಿನ ಕುಲುಮೆಯಲ್ಲಿ ಮೂಸೆ ಇಟ್ಟು ಕಲ್ಲಿದ್ದಲ ಕೋಕ್ ಉರಿಸಿ, ಒಳಗಿನ ಲೋಹ ಪೂರ್ತಿ ಕರಗಿದ ಮೇಲೆ ಇಕ್ಕಳದಲ್ಲಿ ಹಿಡಿದು ಮೇಲಕ್ಕೆ ಎತ್ತಬೇಕು. ಎತ್ತುವವರು ಕಾಲಿಗೆ ಒದ್ದೆ ಗೋಣಿ ಸುತ್ತಿಕೊಳ್ಳುತ್ತಿದ್ದರು, ಇಲ್ಲಾಂದ್ರೆ ಬಟ್ಟೆಗೇ ಬೆಂಕಿ. ಥರ್ಮಾಮೀಟರ್ ಇಲ್ಲ, ಸೆನ್ಸರ್ ಇಲ್ಲ. ಬಣ್ಣ ನೋಡಿ, ಗುಳ್ಳೆ ನೋಡಿ ಇನ್ನೆಷ್ಟು ಹೊತ್ತು ಬೇಕು ಅಂತ ಹೇಳೋ ಕಣ್ಣು ಮಾತ್ರ ಇತ್ತು. ಬ್ರಿಯರ್ಲಿ ಹನ್ನೆರಡು ವರ್ಷಕ್ಕೆ ಶಾಲೆ ಬಿಟ್ಟು, ಅಪ್ಪ ಕೆಲಸ ಮಾಡ್ತಿದ್ದ ಥಾಮಸ್ ಫರ್ತ್ ಕಂಪನಿಯಲ್ಲಿ ಕುಲುಮೆಯ ಕೆಳಗಿನ ನೆಲಮಾಳಿಗೆಯ ಹುಡುಗನಾಗಿ ಸೇರಿದ. ಸ್ವಲ್ಪ ದಿನಕ್ಕೇ ಅದೇ ಕಂಪನಿಯ ರಸಾಯನಶಾಲೆಯಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ತು.

ಇಲ್ಲಿಂದ ಅವನ ದಾರಿ ತಿರುಗಿತು. ಆ ಲ್ಯಾಬಿನ ಮುಖ್ಯಸ್ಥ ಜೇಮ್ಸ್ ಟೇಲರ್ ಅನ್ನುವವನು ಬಾಟಲಿ ತೊಳೆಯೋ ಹುಡುಗನಿಗೆ ಲೆಕ್ಕ ಹೇಳಿಕೊಟ್ಟ, ಬೀಜಗಣಿತ ಹೇಳಿಕೊಟ್ಟ, ರಾತ್ರಿ ಶಾಲೆಗೆ ಹೋಗು ಅಂತ ಹಿಂದೆ ಬಿದ್ದ. ಹಗಲು ಕೆಲಸ, ರಾತ್ರಿ ಓದು. ಹೀಗೇ ವರ್ಷಗಟ್ಟಲೆ. ಕೊನೆಗೆ ಬ್ರಿಯರ್ಲಿ ಉಕ್ಕಿನ ವಿಶ್ಲೇಷಣೆಯಲ್ಲಿ ಎಷ್ಟು ಪಳಗಿದ ಅಂದ್ರೆ, 1902ರಲ್ಲಿ ಫ್ರೆಡ್ ಇಬ್ಬಟ್ಸನ್ ಜೊತೆ ಸೇರಿ ಆ ವಿಷಯದ ಮೇಲೇ ಪುಸ್ತಕ ಬರೆದ. ಇಂಜಿನಿಯರಿಂಗ್ ಡಿಗ್ರಿ ಅವನ ಹತ್ತಿರ ಯಾವತ್ತೂ ಇರಲಿಲ್ಲ. ಲ್ಯಾಬ್ ರೆಕಾರ್ಡನ್ನು ಹಿಂದಿನ ಬ್ಯಾಚಿನವರಿಂದ ಕಾಪಿ ಮಾಡೋ ನಮಗೆ ಇದನ್ನು ಓದುವಾಗ ಸ್ವಲ್ಪ ಮುಜುಗರ ಆಗೋದು ಸಹಜ.

1904ರ ಹೊತ್ತಿಗೆ ಅವನು ರಿಗಾಕ್ಕೆ ಹೋದ. ಈಗ ಅದು ಲಾಟ್ವಿಯಾದ ರಾಜಧಾನಿ, ಆಗ ರಷ್ಯಾ ಸಾಮ್ರಾಜ್ಯದ ಊರು. ಫರ್ತ್ ಕಂಪನಿಗೆ ಅಲ್ಲೊಂದು ಉಕ್ಕಿನ ಕಾರ್ಖಾನೆ ಇತ್ತು. ಅಲ್ಲಿ ಉಕ್ಕಿಗೆ ಹದ ಕೊಡೋದು ದೊಡ್ಡ ತಲೆನೋವು. ಸರಿಯಾದ ಉಷ್ಣತೆ ಬಂತೋ ಇಲ್ವೋ ಅಂತ ಕುಲುಮೆಯ ಹೊಸ ಕೆಲಸಗಾರರಿಗೆ ಗೊತ್ತಾಗ್ತಾ ಇರಲಿಲ್ಲ. ಬ್ರಿಯರ್ಲಿ ಸರಳವಾದ ಉಪಾಯ ಮಾಡಿದ: ನಿರ್ದಿಷ್ಟ ಉಷ್ಣತೆಗೆ ಸರಿಯಾಗಿ ಕರಗೋ ಲವಣಗಳ ಮಿಶ್ರಣದಿಂದ ಸಣ್ಣ ತುಂಡುಗಳನ್ನು ಮಾಡಿ ಕುಲುಮೆಯೊಳಗೆ ಇಡೋದು. ತುಂಡು ಕರಗಿದ್ರೆ ಉಷ್ಣತೆ ಬಂದಿದೆ ಅಂತ ಅರ್ಥ. ಓದು ಬಾರದವರೂ ಬಳಸಬಹುದಾದ ಪೈರೋಮೀಟರ್ ಅದು! 1905ರ ರಷ್ಯಾ ಕ್ರಾಂತಿಯ ಗಲಾಟೆಯನ್ನೂ ಅಲ್ಲೇ ನೋಡಿ, 1907ರಲ್ಲಿ ಶೆಫೀಲ್ಡಿಗೆ ವಾಪಸ್ ಬಂದ. 1908ರಲ್ಲಿ ಫರ್ತ್ ಮತ್ತು ಜಾನ್ ಬ್ರೌನ್ ಅನ್ನೋ ಎರಡು ಕಂಪನಿಗಳು ಸೇರಿ ಕಟ್ಟಿದ ಬ್ರೌನ್ ಫರ್ತ್ ಸಂಶೋಧನಾಲಯಕ್ಕೆ ಅವನೇ ಮುಖ್ಯಸ್ಥನಾದ.

ಇನ್ನು 1912. ಬಂದೂಕಿನ ನಳಿಗೆಗಳು ಒಳಗಿಂದ ಬೇಗ ಸವೆದು ಹೋಗ್ತಾ ಇದ್ವು. ಗುಂಡು ಹಾರಿದಾಗಿನ ಬಿಸಿ ಅನಿಲವೇ ಲೋಹವನ್ನು ತಿನ್ನುತ್ತಿತ್ತು. ಇದಕ್ಕೊಂದು ದಾರಿ ಹುಡುಕು ಅಂತ ಬ್ರಿಯರ್ಲಿಗೆ ಕೆಲಸ ಬಂತು. ಕ್ರೋಮಿಯಂ ಸೇರಿಸಿದ್ರೆ ಉಕ್ಕು ಕರಗೋ ಉಷ್ಣತೆ ಏರುತ್ತೆ, ಸವೆತ ಕಡಿಮೆ ಆಗಬಹುದು ಅನ್ನೋದು ಅವನ ಊಹೆ. ಬೇರೆ ಬೇರೆ ಪ್ರಮಾಣದಲ್ಲಿ ಕ್ರೋಮಿಯಂ ಹಾಕಿ ನೋಡಿದ. 1913ರ ಆಗಸ್ಟಿನಲ್ಲಿ ವಿದ್ಯುತ್ ಕುಲುಮೆಯಲ್ಲಿ ಎರಕ ಹೊಯ್ದ ಒಂದು ಉಕ್ಕಿನಲ್ಲಿ ಕ್ರೋಮಿಯಂ ಶೇ. 12.8, ಇಂಗಾಲ ಶೇ. 0.24 ಇತ್ತು.

ಮೆಟಲರ್ಜಿ ಲ್ಯಾಬಿನಲ್ಲಿ ನಾವೂ ಮಾಡೋ ಕೆಲಸ ಇದು: ಲೋಹದ ತುಂಡನ್ನು ಕನ್ನಡಿ ಥರ ಹೊಳೆಯೋ ತನಕ ಉಜ್ಜಿ, ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡೋದು. ಆಮ್ಲ ಲೋಹವನ್ನು ಸ್ವಲ್ಪ ತಿಂದ್ರೆ ಮಾತ್ರ ಒಳಗಿನ ರಚನೆ ಕಾಣುತ್ತೆ. ಈ ಹೊಸ ಉಕ್ಕನ್ನು ಆಮ್ಲ ತಿನ್ನಲೇ ಇಲ್ಲ. ಬೇರೆಯವರಾಗಿದ್ರೆ ಸ್ಯಾಂಪಲ್ ಹಾಳು ಅಂತ ಪಕ್ಕಕ್ಕೆ ಇಡ್ತಿದ್ರೋ ಏನೋ. ಬ್ರಿಯರ್ಲಿ ಅದನ್ನೇ ಹಿಡಿದು ಹೊರಟ. ವಿನೆಗರ್, ನಿಂಬೆರಸ ಹಾಕಿ ನೋಡಿದ, ಕಲೆ ಇಲ್ಲ. ಹದ ಕೊಟ್ಟು ಗಟ್ಟಿ ಮಾಡಿದಾಗ ಇದು ಚೆನ್ನಾಗಿ ತಡೆಯುತ್ತೆ, ಮೆತ್ತಗೆ ಮಾಡಿದಾಗ ಅಷ್ಟು ತಡೆಯಲ್ಲ ಅನ್ನೋದನ್ನೂ ಗಮನಿಸಿದ. ಇವತ್ತು ನಮಗೆ ಕಾರಣ ಗೊತ್ತು. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಕಟ್ಟುತ್ತೆ, ಗೀಚಿದ್ರೂ ಮತ್ತೆ ತಾನೇ ಕೂಡಿಕೊಳ್ಳುತ್ತೆ. ಮೆತ್ತಗೆ ಮಾಡಿದಾಗ ಕ್ರೋಮಿಯಂನ ಒಂದಷ್ಟು ಭಾಗ ಇಂಗಾಲದ ಜೊತೆ ಕಾರ್ಬೈಡ್ ಆಗಿ ಕೂತುಬಿಡುತ್ತೆ, ಪದರ ಕಟ್ಟೋಕೆ ಕಡಿಮೆ ಉಳಿಯುತ್ತೆ.

ಬಂದೂಕಿನ ಕಥೆ ಹಿಂದೆ ಸರಿಯಿತು. ಶೆಫೀಲ್ಡಿನವನಿಗೆ ಮೊದಲು ಹೊಳೆಯೋದು ಚಾಕು ತಾನೇ? ಆಗಿನ ಊಟದ ಚಾಕುಗಳನ್ನು ಪ್ರತಿ ಸಲ ತೊಳೆದು, ಒರೆಸಿ, ಪುಡಿ ಹಾಕಿ ಉಜ್ಜಬೇಕಿತ್ತು. ಹಣ್ಣು ಕತ್ತರಿಸಿದ್ರೆ ಕಪ್ಪು ಕಲೆ. ಈ ಉಕ್ಕಿನಲ್ಲಿ ಚಾಕು ಮಾಡೋಣ ಅಂತ ಕಂಪನಿಯವರಿಗೆ ಹೇಳಿದ, ಅವರು ಕಿವಿಗೆ ಹಾಕ್ಕೊಳ್ಳಲಿಲ್ಲ. ಊರಿನ ಇಬ್ಬರು ಚಾಕು ತಯಾರಕರಿಗೆ ಸ್ಯಾಂಪಲ್ ಹೋಯ್ತು. ಇದನ್ನು ಬಡಿಯೋಕೂ ಆಗಲ್ಲ, ಸಾಣೆ ಹಿಡಿಯೋಕೂ ಆಗಲ್ಲ, ಹದಕ್ಕೂ ಬರಲ್ಲ ಅಂತ ವರದಿ ಬಂತು. ಅಲಗೇ ಇಲ್ಲದ ಚಾಕುವಿನ ಸಂಶೋಧಕ ಅಂತ ಊರಲ್ಲಿ ಗೇಲಿ ಮಾಡೋರೂ ಇದ್ರು.

1914ರಲ್ಲಿ ಅವನಿಗೆ ಸಿಕ್ಕಿದ್ದು ಅರ್ನೆಸ್ಟ್ ಸ್ಟುವರ್ಟ್. ಆರ್. ಎಫ್. ಮೋಸ್ಲಿ ಕಂಪನಿಯ ಪೋರ್ಟ್‌ಲ್ಯಾಂಡ್ ವರ್ಕ್ಸ್‌ನಲ್ಲಿ ಚಾಕು ವಿಭಾಗದ ಮ್ಯಾನೇಜರ್. ಮೊದಲ ಸಲ ಮಾಡಿದಾಗ ಸ್ಟುವರ್ಟ್‌ನ ಉಪಕರಣಗಳೇ ಹಾಳಾದ್ವು. ಎರಡನೇ ಸಲ ಚಾಕುಗಳು ಗಾಜಿನ ಥರ ಪುಟಪುಟ ಮುರಿದ್ವು. ಮೂರನೇ ಸಲ ಬ್ರಿಯರ್ಲಿ ಕುಲುಮೆ ಪಕ್ಕದಲ್ಲೇ ನಿಂತ. ಆ ಸಲ ಚಾಕು ಆಯ್ತು. ಬ್ರಿಯರ್ಲಿ ಇದನ್ನು ತುಕ್ಕಿಲ್ಲದ ಉಕ್ಕು ಅಂತ ಕರೀತಿದ್ದ. ವಿನೆಗರ್‌ನಲ್ಲಿ ಅದ್ದಿ ನೋಡಿದ ಸ್ಟುವರ್ಟ್ ಕಲೆಯಿಲ್ಲದ್ದು, ಅಂದ್ರೆ ಸ್ಟೇನ್‌ಲೆಸ್ ಅಂದ. ಆ ಹೆಸರೇ ನಿಂತುಬಿಟ್ಟಿತು.

ತಲೆತಲಾಂತರದಿಂದ ಚಾಕು ಮಾಡಿದವರ ಕೈಯಲ್ಲಿ ಯಾಕೆ ಆಗಲಿಲ್ಲ? ನಮ್ಮ ಮಲ್ಟಿಟೂಲ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಾದಾ ಇಂಗಾಲದ ಉಕ್ಕನ್ನು ಗಟ್ಟಿ ಮಾಡೋಕೆ ಸುಮಾರು 800 ಡಿಗ್ರಿ ಸಾಕು. ಹಳೇ ಅರದಿಂದ ಬದಲಿ ಅಲಗು ಮಾಡ್ಬೇಕು ಅಂದ್ಕೊಳ್ಳಿ. ಮೊದಲು ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ನಿಧಾನಕ್ಕೆ ಆರಿಸಿದ್ರೆ ಮೆತ್ತಗಾಗುತ್ತೆ. ಮುರಿದ ಅಲಗಿನ ಆಕಾರ, ಪಿವಟ್ ತೂತು, ಲಾಕ್ ಕೂರೋ ಅಂಚು, ದಪ್ಪ ಎಲ್ಲಾ ಹಾಗೇ ನಕಲು ಇಳಿಸಿ ಉಜ್ಜಬೇಕು. ಆಮೇಲೆ ಮತ್ತೆ ಕಾಯಿಸ್ತಾ ಆಗಾಗ ಅಯಸ್ಕಾಂತ ಹಿಡಿದು ನೋಡೋದು. ಸುಮಾರು 770 ಡಿಗ್ರಿಗೆ ಅಯಸ್ಕಾಂತ ಅಂಟೋದು ನಿಲ್ಲುತ್ತೆ. ಅದಕ್ಕಿಂತ ಸ್ವಲ್ಪ ಮೇಲೆ ಹೋಗಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಟ್ಟಿ, ಆದ್ರೆ ಬಿದ್ರೆ ಮುರಿಯುತ್ತೆ. 200 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟು, ಹುಲ್ಲಿನ ಬಣ್ಣ ಬಂದ್ರೆ ಹದ ಸರಿ. (ಬಯಲಲ್ಲಿ ಮಾಡಿ, ಎಣ್ಣೆಗೆ ಮುಚ್ಚಳ ಇರೋ ಲೋಹದ ಡಬ್ಬ ಇಟ್ಕೊಳ್ಳಿ. ಹಾಸ್ಟೆಲ್ ರೂಮಲ್ಲಂತೂ ಬೇಡವೇ ಬೇಡ.)

ಬ್ರಿಯರ್ಲಿಯ ಉಕ್ಕು ಈ ಲೆಕ್ಕಕ್ಕೆ ಬಗ್ಗಲ್ಲ. ಅದಕ್ಕೆ 1000 ಡಿಗ್ರಿಯ ಆಸುಪಾಸು ಬೇಕು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಲೂ ಬೇಕು. ಸಾಲದ್ದಕ್ಕೆ, ಕಾಯಿಸಿ ಸುಮ್ನೆ ಗಾಳಿಯಲ್ಲಿ ಬಿಟ್ರೂ ಗಟ್ಟಿಯಾಗುತ್ತೆ. ಆಮೇಲೆ ಅರ ಉಜ್ಜಿದ್ರೆ ಅರವೇ ಜಾರುತ್ತೆ. ಹಳೇ ಕೈಗಳಿಗೆ ಹಳೇ ಉಕ್ಕಿನ ಬಣ್ಣ ಗೊತ್ತಿತ್ತು, ಆ ಬಣ್ಣ ಇಲ್ಲಿ ದಾರಿ ತಪ್ಪಿಸ್ತಿತ್ತು. ಹಾಗಾಗಿ ಮನೆಯ ಕುಲುಮೆಯಲ್ಲಿ ಸಾದಾ ಉಕ್ಕು ಸುಲಭ. ಸ್ಟೇನ್‌ಲೆಸ್ಸೇ ಬೇಕಂದ್ರೆ ಮೊದಲೇ ಹದಗೊಂಡ ಹಳೇ ಅಲಗನ್ನು, ನೀರಲ್ಲಿ ಅದ್ದಿ ಅದ್ದಿ, ಬಿಸಿಯಾಗದ ಹಾಗೆ ಸಾಣೆ ಹಿಡಿದು ಆಕಾರಕ್ಕೆ ತರೋದೇ ದಾರಿ.

ಚಾಕು ಗೆದ್ದ ಮೇಲೆ ಬ್ರಿಯರ್ಲಿಗೆ ಇನ್ನೊಂದು ಕಷ್ಟ ಶುರುವಾಯ್ತು. ಇದು ಯಾರದ್ದು? ಲ್ಯಾಬ್ ನಮ್ಮದು, ಸಂಬಳ ನಮ್ಮದು, ಹಾಗಾಗಿ ಉಕ್ಕೂ ನಮ್ಮದು ಅನ್ನೋದು ಕಂಪನಿಯ ನಿಲುವು. ಅರ್ಧ ಪಾಲು ತನಗೆ ಬರಬೇಕು ಅನ್ನೋದು ಇವನ ನಿಲುವು. ಬಾಟಲಿ ತೊಳೆಯೋ ಹುಡುಗನಾಗಿ ಸೇರಿದ ಕಂಪನಿಯ ಜೊತೆಗೇ ಜಗಳ. ಮುಖ್ಯಸ್ಥನ ಕುರ್ಚಿ, ಸಂಬಳ, ತಾನೇ ಕಟ್ಟಿ ಬೆಳೆಸಿದ ಲ್ಯಾಬ್ ಎಲ್ಲಾ ಬಿಟ್ಟು 1915ರಲ್ಲಿ ಬ್ರೌನ್ ಬೇಲಿ ಅನ್ನೋ ಬೇರೆ ಕಂಪನಿ ಸೇರಿದ. ಬ್ರಿಟನ್ನಿನಲ್ಲಿ ಪೇಟೆಂಟ್ ಆಗಿರಲಿಲ್ಲ. ಆಗ ಲಂಡನ್ನಿನ ಜಾನ್ ಮ್ಯಾಡಕ್ಸ್ ಅನ್ನೋ ಹಿರಿಯರು ಜೊತೆಯಾದ್ರು. ಅಮೆರಿಕದಲ್ಲಿ ಅರ್ಜಿ ಮೊದಲು ತಿರಸ್ಕಾರ ಆಗಿ, 1916ರಲ್ಲಿ ಪೇಟೆಂಟ್ ಬಂತು. ಆಮೇಲೆ ಫರ್ತ್ ಕಂಪನಿಯೇ ಬಂದು ಪಾಲು ಪಡೆದು, ಇಬ್ಬರ ಹೆಸರೂ ಸೇರಿಸಿದ ಫರ್ತ್-ಬ್ರಿಯರ್ಲಿ ಸಿಂಡಿಕೇಟ್ ಶುರುವಾಯ್ತು.

ನ್ಯಾಯವಾಗಿ ಹೇಳ್ಬೇಕಂದ್ರೆ ಬ್ರಿಯರ್ಲಿ ಒಬ್ಬನೇ ಅಲ್ಲ. ಫ್ರಾನ್ಸಿನ ಬರ್ತಿಯೇ 1821ರಲ್ಲೇ ಕ್ರೋಮಿಯಂ ಕಬ್ಬಿಣ ಆಮ್ಲವನ್ನು ತಡೆಯುತ್ತೆ ಅಂತ ಬರೆದಿದ್ದ. ಜರ್ಮನಿಯ ಕ್ರುಪ್ ಕಂಪನಿಯಲ್ಲಿ ಸ್ಟ್ರೌಸ್ ಮತ್ತು ಮೌರರ್ 1912ರಲ್ಲೇ ನಿಕ್ಕಲ್ ಕೂಡ ಸೇರಿಸಿದ ಬೇರೆ ಜಾತಿಯ ಸ್ಟೇನ್‌ಲೆಸ್ ಮಾಡಿದ್ರು. ನಮ್ಮ ಮನೆ ತಟ್ಟೆ ಲೋಟಗಳಲ್ಲಿ ಬಹಳಷ್ಟು ಆ ಕಡೆಯ ನೆಂಟರು. ಅಮೆರಿಕದ ಎಲ್‌ವುಡ್ ಹೇನ್ಸ್ ಕೂಡ ಅದೇ ಕಾಲಕ್ಕೆ ಅರ್ಜಿ ಹಾಕಿದ್ದ. ಆದ್ರೆ ಹರಿತ ನಿಲ್ಲೋ ಸ್ಟೇನ್‌ಲೆಸ್ ಅಲಗನ್ನು ಜನರ ಊಟದ ಮೇಜಿಗೆ ತಂದವರಲ್ಲಿ ಬ್ರಿಯರ್ಲಿ, ಸ್ಟುವರ್ಟ್ ಇಬ್ಬರ ಹೆಸರು ಮುಂದೆ ಬರುತ್ತೆ. ಮಲ್ಟಿಟೂಲ್‌ಗಳ ಅಜ್ಜ ಅನ್ನಬಹುದಾದ ಸ್ವಿಸ್ ಚಾಕುವಿನ ಕಂಪನಿ ಇದೇ ಉಕ್ಕಿನ ಗುರುತು ಹೊತ್ತುಕೊಂಡಿದೆ. ಸ್ಥಾಪಕ ಕಾರ್ಲ್ ಎಲ್ಸೆನರ್‌ನ ತಾಯಿ ವಿಕ್ಟೋರಿಯಾ, ಅದಕ್ಕೆ ಸ್ಟೇನ್‌ಲೆಸ್ಸಿನ ಫ್ರೆಂಚ್ ಹೆಸರಿನ ಚೂರಾದ ಇನಾಕ್ಸ್ ಸೇರಿ 1921ರಲ್ಲಿ ವಿಕ್ಟೋರಿನಾಕ್ಸ್ ಆಯ್ತು.

ಮೊದಲ ಮಹಾಯುದ್ಧದಲ್ಲಿ ಈ ಉಕ್ಕು ಚಾಕು ಬಿಟ್ಟು ವಿಮಾನದ ಇಂಜಿನ್ ವಾಲ್ವುಗಳಿಗೆ ಹೋಯ್ತು. 1920ರಲ್ಲಿ ಬ್ರಿಯರ್ಲಿಗೆ ಬೆಸ್ಸೆಮರ್ ಚಿನ್ನದ ಪದಕ ಬಂತು. 1941ರಲ್ಲಿ ತನ್ನ ಕಥೆ ತಾನೇ ಬರೆದು ಪ್ರಕಟಿಸಿದ. ಅದೇ ವರ್ಷ ಶೆಫೀಲ್ಡಿನ ಜನರಿಗಾಗಿ ಫ್ರೆಶ್‌ಗೇಟ್ ಟ್ರಸ್ಟ್ ಅನ್ನೋ ದತ್ತಿ ಸಂಸ್ಥೆಯನ್ನೂ ಕಟ್ಟಿದ. 1948ರಲ್ಲಿ ಟಾರ್ಕಿಯಲ್ಲಿ ತೀರಿಕೊಂಡ.

ಸ್ಟುವರ್ಟ್ ಮೂರು ಸಲ ಪ್ರಯತ್ನಪಟ್ಟ ಆ ಪೋರ್ಟ್‌ಲ್ಯಾಂಡ್ ವರ್ಕ್ಸ್ ಕಟ್ಟಡ ಇನ್ನೂ ಇದೆ. ಅದನ್ನು ಫ್ಲ್ಯಾಟ್ ಮಾಡೋ ಯೋಜನೆ ಬಂದಾಗ ಊರಿನವರೇ ಷೇರು ಹಾಕಿ, 2013ರಲ್ಲಿ, ಅಂದ್ರೆ ಬ್ರಿಯರ್ಲಿಯ ಎರಕಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ, ಕೊಂಡುಕೊಂಡ್ರು. ಈಗಲೂ ಅಲ್ಲಿ ಸಣ್ಣ ಸಣ್ಣ ವರ್ಕ್‌ಶಾಪುಗಳಿವೆ, ಕೈಯಿಂದ ಚಾಕು ಮಾಡೋರೂ ಇದ್ದಾರೆ. ಮುಂದಿನ ಸಲ ವರ್ಕ್‌ಶಾಪ್ ಲ್ಯಾಬಿನಲ್ಲಿ ಯಾವುದಾದ್ರೂ ಸ್ಯಾಂಪಲ್ ನಾವು ಹೇಳಿದ ಮಾತು ಕೇಳದೇ ಹೋದ್ರೆ, ಬಿಸಾಕೋ ಮುಂಚೆ ಅದು ಯಾಕೆ ಕೇಳಲಿಲ್ಲ ಅಂತ ರೆಕಾರ್ಡಿನಲ್ಲಿ ಒಂದು ಸಾಲು ಬರೆದಿಡೋಣ.