ಬಿಸಿಲಿಗೆ ತಕ್ಕ ಮನೆ: ಒಟ್ಟೊ ಕೊನಿಗ್ಸ್‌ಬರ್ಗರ್

ನಮ್ಮ ಸಿರಿಗೇರಿ ಕಡೆ ಏಪ್ರಿಲ್ ಬಂತಂದ್ರೆ ಆರ್‌ಸಿಸಿ ಮನೆಯವರೂ ಮಧ್ಯಾಹ್ನ ಹಳೇ ಮಣ್ಣಿನ ಮಾಳಿಗೆ ಮನೆ ಹುಡುಕಿ ಮಲಗ್ತಾರೆ. ಅದು ಯಾಕೆ ತಂಪು ಅಂತ ಲೆಕ್ಕ ಹಾಕಿ ಹೇಳಿದವರಲ್ಲಿ ಒಬ್ಬರು ಒಟ್ಟೊ ಕೊನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಇವರು ಯಹೂದಿ ಮೂಲದವರು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಕೆಲಸ ಹೋಯ್ತು, ದೇಶ ಬಿಟ್ರು. ಈಜಿಪ್ಟ್‌ನಲ್ಲಿದ್ದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ್ರು. ಬೆಂಗಳೂರಿನ ಐಐಎಸ್‌ಸಿಯ ಏರೋನಾಟಿಕಲ್ ವಿಭಾಗದ ಕಟ್ಟಡ ಇವರದ್ದೇ.

1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದ್ರು. ದೇಶ ವಿಭಜನೆಯಿಂದ ಲಕ್ಷಾಂತರ ಜನ ಮನೆ ಕಳ್ಕೊಂಡು ಬಂದಿದ್ರು. ಅವರಿಗಾಗಿ ದೆಹಲಿಯ ಫ್ಯಾಕ್ಟರಿಯಲ್ಲಿ ಕಾಂಕ್ರೀಟ್ ಪ್ಯಾನೆಲ್ ಮಾಡಿ ಮನೆ ಜೋಡಿಸೋ ಯೋಜನೆ ಶುರುವಾಯ್ತು. ಆದ್ರೆ ಪ್ಯಾನೆಲ್‌ಗಳೇ ಕೈಕೊಟ್ವು, ದೊಡ್ಡ ಗಲಾಟೆ ಆಯ್ತು. 1951ರಲ್ಲಿ ಲಂಡನ್‌ಗೆ ಹೊರಟುಹೋದ್ರು.

ಸೋತೆ ಅಂತ ಸುಮ್ಮನೆ ಕೂರ್ಲಿಲ್ಲ. ಅಲ್ಲಿ ಉಷ್ಣವಲಯದ ಕಟ್ಟಡಗಳ ಬಗ್ಗೆ ಪಾಠ ಮಾಡಿದ್ರು, 1970ರ ದಶಕದಲ್ಲಿ ಸಂಗಡಿಗರ ಜೊತೆ ಪುಸ್ತಕ ಬರೆದ್ರು. ಆರ್ಕಿಟೆಕ್ಚರ್‌ನವರು ಇವತ್ತಿಗೂ ಅದನ್ನ ಓದ್ತಾರೆ. ತಿರುಳು ಇಷ್ಟೇ: ವಿಯೆಟ್ನಾಂನಂಥ ತೇವದ ಸೆಖೆಗೆ ಗಾಳಿಯಾಡೋ ತೆಳು ಗೋಡೆ, ಬಳ್ಳಾರಿಯಂಥ ಒಣ ಬಿಸಿಲಿಗೆ ದಪ್ಪ ಗೋಡೆ, ಸಣ್ಣ ಕಿಟಕಿ. ಮಧ್ಯಾಹ್ನದ ಶಾಖ ದಪ್ಪ ಮಣ್ಣನ್ನ ದಾಟಿ ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರುತ್ತೆ. ಆಗ ನಾವು ಮಾಳಿಗೆ ಮೇಲೆ ಹಾಸಿಗೆ ಹಾಕಿರ್ತೀವಿ!

1999ರಲ್ಲಿ ಅವರು ತೀರಿಕೊಂಡ್ರು. ನಮ್ಮೂರಲ್ಲಿ ಮಾಳಿಗೆ ಮನೆಗಳು ಒಂದೊಂದಾಗಿ ಬೀಳ್ತಿವೆ. ಸಿವಿಲ್ ಗೆಳೆಯರೇ, ಕೆಡವೋ ಮುಂಚೆ ಒಮ್ಮೆ ಥರ್ಮಾಮೀಟರ್ ಹಿಡ್ಕೊಂಡು ಒಳಗೆ ಹೋಗಿ ಬನ್ನಿ.