ವಿದುಷಿ ಹೈಪೇಷಿಯಾ

ಐಗುಪ್ತ ದೇಶದ ಅಲೆಕ್ಸಾಂಡ್ರಿಯ ಪಟ್ಟಣವು ರೋಮನ್ ಚಕ್ರವರ್ತಿಗಳ ಆಳಿಕೆಗೆ ಒಳಪಟ್ಟ ಮೇಲೆಯೂ ಗ್ರೀಕ್ ವಿದ್ಯೆಯ ತವರುಮನೆಯಾಗಿಯೇ ಉಳಿದಿದ್ದಿತು. ಕ್ರಿ. ಶ. 4ನೆಯ ಶತಮಾನದಲ್ಲಿ ಅಲ್ಲಿ ಥಿಯೋನನೆಂಬ ಗಣಿತಜ್ಞನಿದ್ದನು. ಯೂಕ್ಲಿಡನ ರೇಖಾಗಣಿತವನ್ನು ಪರಿಷ್ಕರಿಸಿದವನೂ, 364ರ ಸೂರ್ಯಗ್ರಹಣವನ್ನು ಕಂಡು ಅದರ ವೇಳೆಯನ್ನು ಗುರುತಿಸಿಟ್ಟವನೂ ಅವನೇ. ಅವನ ಮಗಳು ಹೈಪೇಷಿಯಾ.

ಥಿಯೋನನು ತಾನು ಬಲ್ಲ ಗಣಿತವನ್ನೂ ಜ್ಯೋತಿಶ್ಶಾಸ್ತ್ರವನ್ನೂ ಮಗಳಿಗೆ ಮುಚ್ಚುಮರೆಯಿಲ್ಲದೆ ಕಲಿಸಿದನು. ಟಾಲೆಮಿಯ ಖಗೋಳಗ್ರಂಥಕ್ಕೆ ತಾನು ಬರೆದ ವ್ಯಾಖ್ಯಾನದ 3ನೆಯ ಭಾಗದ ತಲೆಬರಹದಲ್ಲಿ, ಅದರ ಪಾಠವನ್ನು ಪರಿಶೋಧಿಸಿದವಳು ತನ್ನ ಮಗಳೇ ಎಂದು ಹೆಸರಿಟ್ಟು ತಿಳಿಸಿದ್ದಾನೆ. ಮಗಳ ದುಡಿಮೆಯನ್ನು ತನ್ನ ಹೆಸರಿನಲ್ಲಿ ಅಡಗಿಸಿಕೊಳ್ಳದ ತಂದೆಯಾತನು. ಹೆತ್ತವರು ಇದನ್ನು ಗಮನಿಸಬೇಕು.

ಮುಂದೆ ಆಕೆಯು ತಾನೇ ಗುರುವಾದಳು. ಗ್ರೀಕ್ ದೇವತೆಗಳನ್ನು ಪೂಜಿಸುವವರೂ ಕ್ರೈಸ್ತರೂ ದೂರದೂರದಿಂದ ಬಂದು ಆಕೆಯಲ್ಲಿ ವ್ಯಾಸಂಗಮಾಡಿದರು. ಸಿರೇನೆಯ ಸಿನೇಸಿಯನು ಅವರಲ್ಲೊಬ್ಬನು. ತರುವಾಯ ಟಾಲೆಮಾಯಿಸ್ ಪಟ್ಟಣದ ಬಿಷಪನಾದನು. ನಕ್ಷತ್ರಗಳ ಸ್ಥಾನವನ್ನು ತೋರಿಸುವ ಯಂತ್ರವೊಂದನ್ನು ಅವನು ಮಾಡಿಸಿದಾಗ, ಅದರ ವಿದ್ಯೆಯು ತನ್ನ ಗುರುವಿನಿಂದ ಬಂದುದೆಂದು ಮರೆಯದೆ ಬರೆದನು. ಇನ್ನೊಮ್ಮೆ, ನೀರಿನ ತೂಕವನ್ನು ಅಳೆಯುವ ಉಪಕರಣವೊಂದನ್ನು ಲೋಹದಲ್ಲಿ ಮಾಡಿಸಿ ಕಳುಹಿಸಬೇಕೆಂದು ಆಕೆಯನ್ನು ಬೇಡಿಕೊಂಡನು. ಅದು ಕೊಳಲಿನಾಕಾರದ ನಳಿಕೆ, ಉದ್ದಕ್ಕೂ ಗೀರುಗಳು, ನೆಟ್ಟಗೆ ನಿಲ್ಲುವಂತೆ ತುದಿಯಲ್ಲಿ ಭಾರ. ನೀರು ಭಾರವಾದಷ್ಟೂ ನಳಿಕೆಯು ಕಡಿಮೆ ಮುಳುಗುವುದು. ಮುಳುಗಿದ ಗೀರುಗಳನ್ನು ಎಣಿಸಿದರೆ ಸಾಕು. ಹಾಲಿಗೆ ನೀರು ಬೆರೆತಿದೆಯೇ ಎಂದು ಪರೀಕ್ಷಿಸುವ ಗಾಜಿನ ನಳಿಕೆಯನ್ನು ಕಂಡ ಹಳೆಯ ವಿದ್ಯಾರ್ಥಿನಿಯರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

412ರಲ್ಲಿ ಸಿರಿಲನು ಅಲೆಕ್ಸಾಂಡ್ರಿಯದ ಬಿಷಪನಾದನು. ಅವನಿಗೂ ರೋಮನ್ ಅಧಿಪತಿಯಾದ ಒರೆಸ್ತನಿಗೂ ಅಧಿಕಾರದ ವಿಷಯದಲ್ಲಿ ವೈಮನಸ್ಯವುಂಟಾಯಿತು. ಒರೆಸ್ತನೂ ದೀಕ್ಷಾಸ್ನಾನ ಹೊಂದಿದವನೇ. ಆದರೂ ಅವನು ಹೈಪೇಷಿಯಾಳ ಆಲೋಚನೆಯನ್ನು ಆಗಾಗ ಕೇಳುತ್ತಿದ್ದನು. ಇಬ್ಬರ ಸಂಧಾನಕ್ಕೆ ಆಕೆಯೇ ಅಡ್ಡಿಯೆಂಬ ಗಾಳಿಮಾತು ಊರಲ್ಲೆಲ್ಲಾ ಹಬ್ಬಿತು. 415ರ ಮಾರ್ಚಿ ತಿಂಗಳಲ್ಲಿ, ಉಪವಾಸದ ದಿನಗಳಲ್ಲಿಯೇ, ದೇವಾಲಯದಲ್ಲಿ ಸತ್ಯವೇದವನ್ನು ಓದುವವನಾದ ಪೇತ್ರನೆಂಬವನನ್ನು ಮುಂದಿಟ್ಟುಕೊಂಡ ಗುಂಪೊಂದು, ಮನೆಗೆ ಹಿಂದಿರುಗುತ್ತಿದ್ದ ಆಕೆಯನ್ನು ಬಂಡಿಯಿಂದೆಳೆದು ಕೈಸರಿಯೋನೆಂಬ ದೇವಾಲಯಕ್ಕೆ ಒಯ್ದು, ಒಡೆದ ಹೆಂಚುಗಳಿಂದ ಕೊಂದುಹಾಕಿತು. ದೇಹವನ್ನೂ ಸುಟ್ಟುಬಿಟ್ಟರು.

ಇದನ್ನು ಬರೆದಿಟ್ಟವನು ಪರಮತದವನಲ್ಲ. ಕಾನ್‌ಸ್ಟಾಂಟಿನೋಪಲಿನ ಸಾಕ್ರಟೀಸನೆಂಬ ಕ್ರೈಸ್ತ ಚರಿತ್ರಕಾರನು, ಘಟನೆಯಾಗಿ 30 ವರ್ಷ ತುಂಬುವ ಮೊದಲೇ, ತನ್ನ ಸಭಾಚರಿತ್ರೆಯಲ್ಲಿ ಇದನ್ನು ಮರೆಮಾಚದೆ ವಿವರಿಸಿ, ಸಿರಿಲನಿಗೂ ಆ ಊರಿನ ಸಭೆಗೂ ಇದರಿಂದ ದೊಡ್ಡ ಕಳಂಕ ತಗಲಿತೆಂದೂ ಕೊಲೆಯು ಕ್ರಿಸ್ತಮಾರ್ಗಕ್ಕೆ ತೀರಾ ಹೊರಗಿನದೆಂದೂ ತೀರ್ಪಿತ್ತಿದ್ದಾನೆ. ಸಭೆಯ ತಪ್ಪನ್ನು ಸಭೆಯವನೇ ಬರೆದಿಟ್ಟಿದ್ದಾನೆ.

ಡಯೋಫಾಂಟಸನ ಅಂಕಗಣಿತಕ್ಕೂ ಅಪೊಲೋನಿಯಸನ ಶಂಕುಚ್ಛೇದಗಳ ಗ್ರಂಥಕ್ಕೂ ಆಕೆ ಬರೆದಳೆನ್ನುವ ವ್ಯಾಖ್ಯಾನಗಳು ಆಕೆಯ ಹೆಸರಿನಲ್ಲಿ ಉಳಿದುಬಂದಿಲ್ಲ. ಸಿನೇಸಿಯನು ತನ್ನ ಗುರುವಿಗೆ ಬರೆದ 7 ಪತ್ರಗಳು ಉಳಿದಿವೆ. ಮಕ್ಕಳನ್ನು ಕಳೆದುಕೊಂಡು ಹಾಸಿಗೆ ಹಿಡಿದಿದ್ದಾಗ ಬರೆಸಿದ ಪತ್ರದಲ್ಲಿ ಅವನು ಆಕೆಯನ್ನು ತಾಯಿಯೆಂದೂ ಸಹೋದರಿಯೆಂದೂ ಗುರುವೆಂದೂ ಕರೆದಿದ್ದಾನೆ.