ತಿರುವೈಯಾರಿನ ಗುಡಿ ಕಟ್ಟಿಸಿದ ಕನ್ನಡತಿ

ಸಕಲೇಶಪುರವನ್ನು ಬಳಸಿ ಹರಿಯುವ ಹೇಮಾವತಿ ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಅದೇ ಕಾವೇರಿಯ ದಡದಲ್ಲಿ, ತಂಜಾವೂರಿನ ಸಮೀಪದ ತಿರುವೈಯಾರಿನಲ್ಲಿ, ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ದೇಶ ವಿದೇಶಗಳ ಸಂಗೀತಗಾರರು ಒಟ್ಟಾಗಿ ಕುಳಿತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಅಲ್ಲಿನ ಗುಡಿಯನ್ನು ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ.

1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಕುಲದ ಪುಟ್ಟಲಕ್ಷ್ಮಮ್ಮನವರ ಮಗಳಾಗಿ ಅವರು ಜನಿಸಿದರು. ತಂದೆಯ ಆಸರೆ ದೊರೆಯಲಿಲ್ಲ. ಬಾಲ್ಯದಲ್ಲೇ ಮೈಸೂರಿನಲ್ಲಿ ಸಂಸ್ಕೃತ ಕಲಿತು, ಬಳಿಕ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತಾಭ್ಯಾಸ ಮಾಡಿದರು. ಮುನಿಸ್ವಾಮಪ್ಪನವರದು ತ್ಯಾಗರಾಜರ ಶಿಷ್ಯಪರಂಪರೆ. ಮದರಾಸಿಗೆ ನೆಲೆ ಬದಲಿಸಿದ ಮೇಲೆ ಕೀರ್ತಿ, ಹಣ ಎರಡೂ ಬಂದವು.

ವಿದ್ವತ್ತಿನಲ್ಲೂ ಅವರದು ಎದೆಗಾರಿಕೆಯ ಸ್ವಭಾವ. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಶೃಂಗಾರಕಾವ್ಯ 'ರಾಧಿಕಾ ಸಾಂತ್ವನಮು' ಹಿಂದಿನ ಮುದ್ರಣದಲ್ಲಿ ಕತ್ತರಿಗೆ ಸಿಕ್ಕಿತ್ತು. ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ಣರೂಪದಲ್ಲಿ ಪ್ರಕಟಿಸಿದರು. ಸರ್ಕಾರ ಅಶ್ಲೀಲವೆಂದು ನಿಷೇಧಿಸಿತು. ಪುರುಷ ಕವಿಗಳ ಶೃಂಗಾರಕ್ಕೆ ತಲೆದೂಗುತ್ತಿದ್ದವರೇ ಹೆಣ್ಣಿನ ಲೇಖನಿಗೆ ಮುನಿದದ್ದು ವಿಚಿತ್ರ. ನಿಷೇಧ ತೆರವಾದದ್ದು 1947ರಲ್ಲಿ.

ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವ ಸುದ್ದಿಯನ್ನು ಅವರಿಗೆ ಮುಟ್ಟಿಸಿದವರು ಮೈಸೂರಿನ ವಿದ್ವಾಂಸ ಬಿಡಾರಂ ಕೃಷ್ಣಪ್ಪ. ನಾಗರತ್ನಮ್ಮ ತಮ್ಮ ಸಂಪಾದನೆಯನ್ನೆಲ್ಲ ಅಲ್ಲಿಗೆ ಸುರಿದರು. 1921ರಲ್ಲಿ ಅಡಿಗಲ್ಲು ಬಿತ್ತು, 1926ರ ಜನವರಿಯಲ್ಲಿ ಪ್ರತಿಷ್ಠಾಪನೆ ನೆರವೇರಿತು.

ಆದರೆ ಆರಾಧನೆಯಲ್ಲಿ ಹಾಡುವ ಹಕ್ಕು ಅಂದು ಗಂಡಸರಿಗೆ ಮಾತ್ರ. ಅವರಲ್ಲೂ 'ಪೆರಿಯ ಕಚ್ಚಿ', 'ಚಿನ್ನ ಕಚ್ಚಿ' ಎಂಬ ಎರಡು ಬಣಗಳು ಪರಸ್ಪರ ಕಾದಾಡುತ್ತಿದ್ದವು. ಕಲ್ಲು, ಸುಣ್ಣಕ್ಕೆ ಹೆಣ್ಣಿನ ಹಣವಾಗಬಹುದಿತ್ತು, ಹಾಡಿಗೆ ಹೆಣ್ಣಿನ ಕಂಠ ಆಗುತ್ತಿರಲಿಲ್ಲ. ನಾಗರತ್ನಮ್ಮ ಹಿಂಜರಿಯಲಿಲ್ಲ. ಗುಡಿಯ ಹಿಂಭಾಗದಲ್ಲಿ ಮಹಿಳಾ ಕಲಾವಿದರದ್ದೇ ಪ್ರತ್ಯೇಕ ಆರಾಧನೆ ಆರಂಭಿಸಿದರು. 1940ರ ದಶಕದ ಆರಂಭದಲ್ಲಿ ಬಣಗಳು ಒಂದಾದವು, ಸ್ತ್ರೀಯರಿಗೂ ಸಮಾಧಿಯ ಮುಂದೆ ಹಾಡುವ ಅವಕಾಶ ದೊರೆಯಿತು. ಇಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ವರೆಗೂ ಹಬ್ಬಿರುವ ಆರಾಧನೆಗಳಲ್ಲಿ ಸ್ತ್ರೀಪುರುಷರು ಜೊತೆಯಾಗಿಯೇ ಹಾಡುತ್ತಾರೆ.

ಕೊನೆಯ ವರ್ಷಗಳನ್ನು ನಾಗರತ್ನಮ್ಮ ತಿರುವೈಯಾರಿನಲ್ಲೇ ಕಳೆದರು. 1952ರ ಮೇ 19ರಂದು ನಿಧನರಾದ ಅವರ ಸಮಾಧಿಯೂ ತ್ಯಾಗರಾಜರ ಗುಡಿಗೆ ಎದುರಾಗಿ ಅಲ್ಲೇ ಇದೆ.